ತಂತಿಯಿಲ್ಲದ ಗಿಟಾರಿನ ನಾಡಿ

ಹೊಳಲ್ಕೆರೆ ಕಡೆ ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ದೂಳು ನುಗ್ಗದ ಮೂಲೆಯಿಲ್ಲ. ಅಕ್ಕನ ಮಗ ಅಟ್ಟದಿಂದ ಇಳಿಸಿದ ವಿಡಿಯೊ ಗೇಮ್ ಗಿಟಾರಿನ ಮೇಲೂ ಒಂದು ಪದರ ಕೂತಿತ್ತು. ಒರೆಸಿ, ಸೆಲ್ ಹಾಕಿ ಕೂತವನು ಅರ್ಧ ಹಾಡಿಗೇ ಕೈಬಿಟ್ಟ. ‘ಮಾಮ, ಬಟನ್ ಹಿಡೀತಾನೇ ಇಲ್ಲ. ಬಿಚ್ಚಿಬಿಡ್ಲಾ?’

ಬಿಚ್ಚಬೇಡ ಅಂದೆ. ಮೊದಲು ನಾಡಿ ನೋಡಬೇಕು.

2005ರ ನವೆಂಬರಿನಲ್ಲಿ ಅಮೆರಿಕದಲ್ಲಿ ‘ಗಿಟಾರ್ ಹೀರೋ’ ಬಂದಾಗಿನಿಂದ ಈ ವಾದ್ಯದ ರೂಪ ಹೆಚ್ಚು ಬದಲಾಗಿಲ್ಲ. ಎಡಗೈಗೆ ಹಸಿರು, ಕೆಂಪು, ಹಳದಿ, ನೀಲಿ, ಕಿತ್ತಳೆ ಬಟನ್. ಬಲಗೈಗೆ ಮೀಟುವ ಪಟ್ಟಿ. ತಂತಿಯಿಲ್ಲ, ತನ್ನದೇ ನಾದವಿಲ್ಲ. ಹಾಗಾಗಿ ಅಪಸ್ವರ ಕೇಳಿ ದೋಷ ಹಿಡಿಯಲಾಗದು. ತಪ್ಪು ಹೇಗೆ ಬರುತ್ತದೆ ಅನ್ನುವುದನ್ನೇ ನೋಡಬೇಕು.

ಒಂದೇ ಬಣ್ಣ ಕೈಕೊಟ್ಟರೆ ಆ ಬಟನ್ನಿನ ಕೆಳಗೇ ಕೊಳೆ ಇದ್ದೀತು. ಎಷ್ಟೋ ಗಿಟಾರುಗಳಲ್ಲಿ ಅಲ್ಲಿರುವುದು ರಬ್ಬರ್ ಗುಬುಟು, ಅದರಡಿಯ ಕರಿ ಕಾರ್ಬನ್ ಚುಕ್ಕೆ. ಮೆಲ್ಲಗೆ ಒರೆಸಿದರೆ ಸಾಕು. ಕೆರೆದರೆ ಆ ಕರಿಯೇ ಹೋಗುತ್ತದೆ. ಒಮ್ಮೆ ಮೀಟಿದ್ದು ಎರಡು ಸಲ ಬಿದ್ದರೆ ಪಟ್ಟಿಯಡಿಯ ಸ್ವಿಚ್ ಸವೆದಿದೆ. ಎಲ್ಲವೂ ಬಿದ್ದು, ಒಂದೇ ಅಳತೆಯಲ್ಲಿ ತಡವಾಗುತ್ತಿದ್ದರೆ ಗಿಟಾರನ್ನು ಬೈಯಬೇಡಿ, ಟಿವಿ ನೋಡಿ. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆ ಮೂರು ಚಿತ್ರದಷ್ಟು ಹಿಂದೆ ಬಿದ್ದರೆ 50 ಮಿಲಿಸೆಕೆಂಡ್ ಹೋಯಿತು. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಆಟದೊಳಗಿನ ಕ್ಯಾಲಿಬ್ರೇಷನ್ ಸರಿಮಾಡಿಕೊಂಡರೆ ತಾಳ ಕೂಡುತ್ತದೆ.

ನಮ್ಮದು ಇವ್ಯಾವುದೂ ಅಲ್ಲ. ಐದೂ ಬಣ್ಣ ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತಿದ್ದವು. ‘ಕತ್ತು ಒತ್ತಿ ಹಿಡಿದು ನುಡಿಸು’ ಅಂದೆ. ಬಂತು. ಬಿಟ್ಟ, ಹೋಯಿತು. ಕತ್ತು ಬಿಚ್ಚಿ ಸೇರಿಸುವ ಗಿಟಾರುಗಳಲ್ಲಿ ಬಟನ್ನಿನ ಸುದ್ದಿಯೆಲ್ಲ ಒಡಲಿಗೆ ದಾಟುವುದು ಆ ಕೂಡಿಕೆಯ ಪುಟ್ಟ ಲೋಹದ ಕಾಂಟ್ಯಾಕ್ಟುಗಳ ಮೂಲಕ. ಸೆಲ್ ತೆಗೆದು, ಕತ್ತು ಕಳಚಿದೆವು. ಇಯರ್‌ಬಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಒಂದೊಂದನ್ನೇ ಒರೆಸಿದ. ಬಿಳಿ ಹತ್ತಿ ಕಾಡಿಗೆಯಂತಾಯಿತು. ಮೂರನೆಯ ಬಡ್ ಬೆಳ್ಳಗೇ ಬಂದಾಗ ನಿಲ್ಲಿಸಿದೆವು. ಉಪ್ಪುಕಾಗದ ಮಾತ್ರ ಮುಟ್ಟಿಸಬಾರದು, ಲೋಹದ ಲೇಪ ಕಿತ್ತುಹೋದರೆ ಕಿಲುಬಿಗೆ ಬಾಗಿಲು ತೆರೆದಂತೆ.

ಪೂರ್ತಿ ಆರಿದ ಮೇಲೆ ಕತ್ತು ಸೇರಿಸಿದ. ‘ಟಕ್’ ಎಂದು ಕೂತಿತು. ಹಾಡು ಕೊನೆಯವರೆಗೂ ಹೋಯಿತು, ಒಂದು ಸ್ಕ್ರೂ ಕೂಡ ಬಿಚ್ಚದೆ.

ಈಗ ಗಿಟಾರು ಅಟ್ಟದಲ್ಲಿಲ್ಲ. ಕತ್ತು ಸೇರಿಸಿದ ಹಾಗೆಯೇ, ಸೆಲ್ ತೆಗೆದು, ಹಳೇ ಪಂಚೆಯಲ್ಲಿ ಸುತ್ತಿ ನಡುಮನೆಯ ಗೂಟಕ್ಕೆ ತೂಗುಹಾಕಿದ್ದಾನೆ.