ಪಾತ್ರಧಾರಣೆಯ ವೀಡಿಯೋ ಆಟಗಳಲ್ಲಿ ಶೃಂಗಾರದ ಸ್ಥಾನ

ಪ್ರಬಂಧವೊಂದರಲ್ಲಿ ಹಲವು ರಸಗಳು ಬಂದರೂ ಅವುಗಳಲ್ಲಿ ಒಂದು ಅಂಗಿಯಾಗಿಯೂ ಮಿಕ್ಕವು ಅಂಗಗಳಾಗಿಯೂ ಇರತಕ್ಕದ್ದೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಹೇಳಿರುವುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ಆ ಮಾತನ್ನು ಅವನು ಊಹಿಸಿರಲಾರದ ಒಂದು ಪ್ರಕಾರಕ್ಕೆ ಅನ್ವಯಿಸಿ ನೋಡಬೇಕೆಂಬುದು ನಮ್ಮ ಉದ್ದೇಶ. ಆಡುವವರು ಕಥೆಯ ಒಂದು ಪಾತ್ರವನ್ನು ತಾವೇ ವಹಿಸಿ, ಗುಂಡಿಗಳ ಮೂಲಕ ಅದನ್ನು ನಡೆಸಿ, ಕಾಳಗಗಳಲ್ಲಿ ಗೆದ್ದು ಅದರ ಬಲವನ್ನು ಹೆಚ್ಚಿಸುತ್ತ, ಹತ್ತಾರು ಗಂಟೆಗಳ ಕಾಲ ಮುಂದುವರಿಸುವ ರೋಲ್ ಪ್ಲೇಯಿಂಗ್ ಆಟಗಳೇ ಆ ಪ್ರಕಾರ. ಇವುಗಳಲ್ಲಿ ಸಾಮಾನ್ಯವಾಗಿ ವೀರವೇ ಅಂಗಿ. ಲೋಕಕ್ಕೆ ಒದಗಿದ ಕೇಡನ್ನು ನಿವಾರಿಸುವುದೇ ಕಾರ್ಯ. ಹಾಗಿರದೆ ಪ್ರೇಮವನ್ನೇ ನಡುವಿಟ್ಟು ಕಟ್ಟಿದ ಆಟವು ಅದರಿಂದಲೇ ಉಳಿದವುಗಳಿಗಿಂತ ಮಿಗಿಲಾಗುವುದೇ ಎಂಬ ಪ್ರಶ್ನೆ ಈಗ ತರಗತಿಗಳಲ್ಲಿಯೂ ಏಳುತ್ತಿದೆ. ಇಂಥ ಆಟಗಳನ್ನು ಆಡಿ ಬೆಳೆದ ವಿದ್ಯಾರ್ಥಿಗಳು ಹೌದೆನ್ನುತ್ತಾರೆ. ಆಡದ ಅಧ್ಯಾಪಕರು ಪ್ರಶ್ನೆಯನ್ನೇ ತಳ್ಳಿಹಾಕುತ್ತಾರೆ. ಎರಡೂ ಅವಸರದ ಉತ್ತರಗಳೆಂದು ನಮಗೆ ತೋರಿದೆ.

ವಿಚಾರಕ್ಕೆ ನಾವು ಆರಿಸಿಕೊಂಡವು ಜಪಾನಿನ ಸ್ಕ್ವೇರ್ ಸಂಸ್ಥೆಯ ಎರಡು ಕೃತಿಗಳು: 1999ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರಬಂದ ಫೈನಲ್ ಫ್ಯಾಂಟಸಿಯ ಎಂಟನೆಯ ಭಾಗ, ಮತ್ತು 2001ರಲ್ಲಿ ಪ್ಲೇಸ್ಟೇಷನ್ 2 ಯಂತ್ರಕ್ಕಾಗಿ ಹೊರಬಂದ ಹತ್ತನೆಯ ಭಾಗ. ಭಾಗಗಳೆಂದರೂ ಇವು ಒಂದೇ ಕಥೆಯ ಕಾಂಡಗಳಲ್ಲ. ಲೋಕ, ಪಾತ್ರ, ವಸ್ತು ಎಲ್ಲವೂ ಬೇರೆ ಬೇರೆ. ಎರಡರ ಕಥಾಸಂವಿಧಾನವನ್ನೂ ರಚಿಸಿದವರು ಕಜುಶಿಗೆ ನೊಜಿಮಾ ಆದುದರಿಂದ ಹೋಲಿಕೆಗೆ ಹೆಚ್ಚಿನ ಅನುಕೂಲವಿದೆ.

ಎಂಟನೆಯ ಭಾಗವು ತನ್ನ ಅಂಗಿರಸವನ್ನು ಮುಖಪತ್ರದಲ್ಲಿಯೇ ಸಾರುತ್ತದೆ. ಯೊಶಿತಕಾ ಅಮಾನೋ ಬರೆದ ಅದರ ಲಾಂಛನದಲ್ಲಿ ನಾಯಕನೂ ನಾಯಿಕೆಯೂ ಆಲಿಂಗಿಸಿ ನಿಂತಿದ್ದಾರೆ. ನಾಯಕ ಸ್ಕ್ವಾಲ್ ಹದಿನೇಳು ವರ್ಷದ ಯುವಕ. ಕೂಲಿಗೆ ಕಾದುವ ಯೋಧರನ್ನು ತಯಾರುಮಾಡುವ ಶಾಲೆಯೊಂದರ ವಿದ್ಯಾರ್ಥಿ. ಯಾರನ್ನೂ ಹತ್ತಿರ ಸೇರಿಸದ ಸ್ವಭಾವ. ಶಾಲೆಯ ಉತ್ಸವದ ರಾತ್ರಿ ರಿನೋವಾ ಎಂಬ ಅಪರಿಚಿತ ಹುಡುಗಿ ಅವನನ್ನು ನರ್ತನಕ್ಕೆ ಎಳೆದೊಯ್ಯುತ್ತಾಳೆ. ಅವನು ತಡವರಿಸುತ್ತಾನೆ, ಬಳಿಕ ಹೆಜ್ಜೆ ಕೂಡುತ್ತದೆ. ಸ್ಕ್ವಾಲ್ ಬಾಯಲ್ಲಿ ಆಡುವ ಮಾತು ಅಲ್ಪ. ಮನಸ್ಸಿನಲ್ಲಿ ಆಡಿಕೊಳ್ಳುವ ಮಾತು ಬಹಳ. ಅದು ಅಕ್ಷರರೂಪದಲ್ಲಿ ನಮಗೆ ಕಾಣುತ್ತದೆ, ರಿನೋವಾಳಿಗೆ ಕಾಣುವುದಿಲ್ಲ. ಇದು ಬೆಲೆಯುಳ್ಳ ಉಪಾಯ. ಅವಳಿಗೆ ತಿಳಿಯದುದನ್ನು ತಿಳಿದ ನಾವು ಅವನ ಮೌನಕ್ಕೆ ಸಾಕ್ಷಿಗಳಾಗುತ್ತೇವೆ.

ಆದರೆ ಕಥೆಯ ನಡುವೆ ಒಂದು ವಿಸ್ಮೃತಿಯ ಪ್ರಸಂಗ ಬರುತ್ತದೆ. ಕಾಳಗಕ್ಕೆ ನೆರವಾಗುವ ರಕ್ಷಕಶಕ್ತಿಗಳನ್ನು ಮನಸ್ಸಿನಲ್ಲಿ ಧರಿಸಿದುದರ ಫಲವಾಗಿ ಈ ತರುಣರು ಬಾಲ್ಯವನ್ನು ಮರೆತಿದ್ದಾರೆ. ತಾವೆಲ್ಲರೂ ಒಂದೇ ಅನಾಥಾಲಯದಲ್ಲಿ ಬೆಳೆದವರೆಂಬುದು ಒಮ್ಮೆಲೇ ನೆನಪಿಗೆ ಬರುತ್ತದೆ. ಮರೆವೆಂದೊಡನೆ ನಮಗೆ ಶಾಕುಂತಲದ ನೆನಪಾಗುವುದು ಸಹಜ. ದುರ್ವಾಸನ ಶಾಪವನ್ನು ಕಾಳಿದಾಸನು ತಂದುದು ಪ್ರೇಮದ ಮರ್ಮಕ್ಕೇ ತಗಲುವಂತೆ: ದುಷ್ಯಂತನು ಮರೆಯುವುದು ಶಕುಂತಲೆಯನ್ನು. ಇಲ್ಲಿಯಾದರೋ ಆ ಅನಾಥಾಲಯದಲ್ಲಿ ಬೆಳೆಯದ ಒಬ್ಬಳೇ ಒಬ್ಬಳು ರಿನೋವಾ! ಮರೆವು ಉಳಿದ ಬಹುಮಂದಿಯನ್ನು ಮುಟ್ಟಿ ನಾಯಿಕೆಯನ್ನು ಬಿಟ್ಟಿದೆ. ಕಥೆಯ ಅತ್ಯಂತ ದೊಡ್ಡ ತಿರುವು ಅದರ ಅಂಗಿರಸಕ್ಕೆ ಸಂಬಂಧವಿಲ್ಲದೆ ಹಾದುಹೋಗುತ್ತದೆ. ಆಟದ ಕ್ರಿಯೆಯಲ್ಲಿಯೂ ಹಾಗೆಯೇ. ಶತ್ರುಗಳಿಂದ ಮಂತ್ರಗಳನ್ನು ಸೆಳೆದು, ಒಂದೊಂದನ್ನು ನೂರರವರೆಗೆ ಕೂಡಿಟ್ಟು, ಅವುಗಳಿಂದ ಬಲ ಪಡೆಯುವುದು ಇಲ್ಲಿಯ ನಿತ್ಯಕರ್ಮ. ಹಲವೆಡೆ ಮೂವರ ತಂಡದಿಂದ ರಿನೋವಾಳನ್ನು ಹೊರಗಿಟ್ಟು ಆಟ ಮುಂದುವರಿಸಬಹುದು, ಗೆಲವಿಗೆ ಕೊರತೆಯಿಲ್ಲ. ನಾಯಿಕೆಯಿಲ್ಲದೆ ನಡೆಯುವ ಶೃಂಗಾರ ಎಂಥದು?

ಹೀಗೆಂದು ಆ ಕೃತಿಯನ್ನು ಒಟ್ಟಾರೆ ತಿರಸ್ಕರಿಸಲಾಗದು. ರಿನೋವಾ ಪ್ರಜ್ಞೆ ತಪ್ಪಿದ ಮೇಲೆ ಸ್ಕ್ವಾಲ್ ಅವಳನ್ನು ಬೆನ್ನಮೇಲೆ ಹೊತ್ತು ಸಮುದ್ರದ ಮೇಲಿನ ನಿರ್ಜನವಾದ ರೈಲುಸೇತುವೆಯ ಮೇಲೆ ನಡೆಯುತ್ತಾನೆ. ಹಿಂದೆ ಬಾಯಿಬಿಡದವನು ಈಗ ಕೇಳಿಸಿಕೊಳ್ಳಲಾರದವಳ ಸಂಗಡ ಮಾತನಾಡುತ್ತಾನೆ. ಇದು ಬರಿಯ ದೃಶ್ಯವಾಗಿದ್ದರೆ ಒಳ್ಳೆಯ ಸಿನಿಮಾ ಎಂದು ಸುಮ್ಮನಾಗಬಹುದಾಗಿತ್ತು. ಆದರೆ ಅವನನ್ನು ನಡೆಸುವವರು ನಾವು. ನಮ್ಮ ಬೆರಳು ಗುಂಡಿಯನ್ನು ಬಿಟ್ಟರೆ ಅವನು ನಿಲ್ಲುತ್ತಾನೆ. ಮುಂದೆ ಆಕಾಶದಲ್ಲಿ ಉಸಿರಿನ ವಾಯು ತೀರುತ್ತ ತೇಲಿಹೋಗುತ್ತಿರುವ ಅವಳನ್ನು ಹಿಡಿಯಬೇಕಾದಾಗಲೂ ಗುರಿ ನಮ್ಮ ಕೈಯಲ್ಲಿದೆ; ತಪ್ಪಿದರೆ ಆಟವೇ ಮುಗಿಯಿತು. ನಾಲ್ಕು ತಟ್ಟೆಗಳಷ್ಟು ದೀರ್ಘವಾದ ಈ ಆಟದಲ್ಲಿ ಪ್ರೇಮವು ಆಡುವವರ ಕೈಗೆ ಬಂದದ್ದು ಇಂಥ ಒಂದೆರಡು ಎಡೆಗಳಲ್ಲಿ. ಫೇ ವಾಂಗ್ ಹಾಡಿದ ಪ್ರಸಿದ್ಧ ಗೀತವು ಕೊಡಲಾರದುದನ್ನು ಆ ಸೇತುವೆ ಕೊಡುತ್ತದೆ.

ಹತ್ತನೆಯ ಭಾಗಕ್ಕೆ ಬರೋಣ. ಸ್ಪೀರಾ ಎಂಬ ಲೋಕವನ್ನು ಸಿನ್ ಎಂಬ ಮಹಾಭೂತ ಪೀಡಿಸುತ್ತಿದೆ. ಯೂನಾ ಎಂಬ ತರುಣಿ ಆವಾಹಕಿ: ಊರೂರಿನ ದೇವಾಲಯಗಳಲ್ಲಿ ಪ್ರಾರ್ಥಿಸಿ, ಒಂದೊಂದರಲ್ಲಿಯೂ ಒಂದೊಂದು ಮಹಾಸತ್ತ್ವವನ್ನು ಪಡೆದು, ಕೊನೆಗೆ ಜನಾರ್ಕಾಂಡ್ ಎಂಬ ಹಾಳುನಗರಕ್ಕೆ ಹೋಗಿ ಅಂತಿಮ ಆವಾಹನೆಯಿಂದ ಸಿನ್ ಅನ್ನು ಕೊಲ್ಲಬೇಕು. ನಾಯಕ ಟೀಡಸ್ ಬೇರೊಂದು ಕಾಲದಿಂದ ಬಂದವನಂತೆ ಅಲ್ಲಿ ಬಂದು ಬಿದ್ದು, ಅವಳ ಅಂಗರಕ್ಷಕರಲ್ಲಿ ಒಬ್ಬನಾಗುತ್ತಾನೆ. ಇಬ್ಬರಲ್ಲಿ ಅನುರಾಗ ಮೊಳೆಯುತ್ತದೆ. ಎಲ್ಲ ಮುಗಿದ ಮೇಲೆ ಏನೇನು ಮಾಡೋಣವೆಂದು ಟೀಡಸ್ ಉತ್ಸಾಹದಿಂದ ಹೇಳುತ್ತಲೇ ಇರುತ್ತಾನೆ. ಅಂತಿಮ ಆವಾಹನೆ ಆವಾಹಕಿಯ ಪ್ರಾಣವನ್ನೇ ತೆಗೆದುಕೊಳ್ಳುತ್ತದೆಂಬುದು ಸಂಗಡಿಗರಿಗೆಲ್ಲ ಗೊತ್ತು, ಅವನೊಬ್ಬನಿಗೆ ಗೊತ್ತಿಲ್ಲ. ನಮಗೂ ಗೊತ್ತಿಲ್ಲ. ಯಾತ್ರೆಯ ಬಹುಪಾಲು ಕಳೆದ ಮೇಲೆ ಮರಳುಗಾಡಿನ ದ್ವೀಪವೊಂದರಲ್ಲಿ ಅವನಿಗೆ ಅದು ತಿಳಿಯುತ್ತದೆ.

ಇಲ್ಲಿ ನಾವು ಸ್ವಲ್ಪ ತಡೆದು ನಿಲ್ಲಬೇಕು. ಆ ಕ್ಷಣದವರೆಗೆ ನಾವು ಮಾಡಿದುದೇನು? ದೇವಾಲಯಗಳ ಒಳದಾರಿಯ ಒಗಟುಗಳನ್ನು ಟೀಡಸ್‌ನ ಕೈಯಿಂದ ಬಿಡಿಸಿದೆವು. ಯೂನಾ ಹೊಸ ಸತ್ತ್ವವೊಂದನ್ನು ಪಡೆದಾಗಲೆಲ್ಲ ನಮ್ಮ ಬಲ ಹೆಚ್ಚಿತೆಂದು ಹಿಗ್ಗಿದೆವು, ಅದನ್ನು ಕಾಳಗಕ್ಕೆ ಕರೆದು ಗೆದ್ದೆವು. ಯಾವುದು ಆಟದ ಲಾಭವಾಗಿತ್ತೋ ಅದೇ ಅವಳನ್ನು ಮರಣದ ಕಡೆಗೆ ಒಂದೊಂದು ಹೆಜ್ಜೆ ನೂಕುತ್ತಿತ್ತು. ಟೀಡಸ್‌ನ ಪಶ್ಚಾತ್ತಾಪವನ್ನು ನಾವು ಅನುಮಾನದಿಂದ ತಿಳಿಯಬೇಕಾಗಿಲ್ಲ, ಅದು ನಮ್ಮದೇ. ಕಾವ್ಯದಲ್ಲಿ ಸಾಧಾರಣೀಕರಣವೆಂದು ನಾವು ಕರೆಯುವ ವ್ಯಾಪಾರಕ್ಕೆ ಇಲ್ಲಿ ಬೇರೊಂದು ದ್ವಾರ ದೊರೆತಿದೆ. ಸಹೃದಯನು ಪಾತ್ರದ ಭಾವಕ್ಕೆ ಕರಗುವ ಮುನ್ನವೇ ಪಾತ್ರದ ತಪ್ಪಿನಲ್ಲಿ ಪಾಲುಗಾರನಾಗಿದ್ದಾನೆ. ಯೂನಾಳನ್ನು ಬಿಟ್ಟರೆ ಆ ಮಹಾಸತ್ತ್ವಗಳನ್ನು ಕರೆಯುವವರು ಬೇರೆ ಯಾರೂ ತಂಡದಲ್ಲಿಲ್ಲವೆಂಬುದನ್ನೂ ಗಮನಿಸಬೇಕು.

ಲೂಕಾ ಪಟ್ಟಣದಲ್ಲಿ ಟೀಡಸ್ ಯೂನಾಳಿಗೆ ಬಲವಂತದ ನಗೆ ಕಲಿಸುವ ಪ್ರಸಂಗವನ್ನು ಬಹಳ ಮಂದಿ ಗೇಲಿಮಾಡಿದ್ದಾರೆ. ಆ ನಗು ಕರ್ಕಶವೆಂಬುದು ನಿಜ, ಅದು ಹಾಗಿರಬೇಕಾದದ್ದೇ. ಎರಡನೆಯ ಸಲ ಆಡುವಾಗ, ಸಾಯಲು ಹೊರಟವಳು ಯಾತ್ರೆಯನ್ನು ನಗುತ್ತ ಮುಗಿಸಬೇಕೆಂದು ಅಭ್ಯಾಸ ಮಾಡುತ್ತಿದ್ದಾಳೆಂದು ತಿಳಿದವರಿಗೆ ಅಲ್ಲಿ ನಗೆ ಬರಲಾರದು. ಇನ್ನೊಂದು ಸಣ್ಣ ಸಂಗತಿ: ನಾಯಕನ ಹೆಸರನ್ನು ಆಡುವವರು ತಮಗೆ ಬೇಕಾದಂತೆ ಬದಲಿಸಬಹುದಾದುದರಿಂದ, ಸರಣಿಯಲ್ಲಿ ಮೊದಲ ಬಾರಿಗೆ ಪಾತ್ರಗಳಿಗೆ ಧ್ವನಿ ದೊರೆತ ಈ ಆಟದಲ್ಲಿ ಯಾರೂ ಅವನ ಹೆಸರನ್ನು ಉಚ್ಚರಿಸುವುದಿಲ್ಲ. ಯಂತ್ರದ ಇಕ್ಕಟ್ಟಿನಿಂದ ಹುಟ್ಟಿದ ಈ ಮೌನ, ಗಂಡನ ಹೆಸರನ್ನು ಬಾಯಲ್ಲಿ ಹೇಳದ ನಮ್ಮ ಹಿರಿಯ ಹೆಂಗಸರನ್ನು ಕಂಡ ನಮಗೆ ವಿಚಿತ್ರವಾದ ಸೊಗಸಾಗಿ ಕಂಡಿತು.

ಪ್ರೇಮವನ್ನು ಆಡುವವರ ಆಯ್ಕೆಗೆ ಬಿಟ್ಟ ಆಟಗಳು ಇವಕ್ಕಿಂತ ಮುಂದುವರಿದವೆಂಬ ವಾದವಿದೆ. ಕೆನಡದ ಬಯೋವೇರ್ ಸಂಸ್ಥೆ 2000ದ ಬಾಲ್ಡರ್ಸ್ ಗೇಟ್ ಎರಡನೆಯ ಭಾಗದಲ್ಲಿಯೂ, ಆಮೇಲಿನ ಕೃತಿಗಳಲ್ಲಿಯೂ ಈ ದಾರಿಯನ್ನು ಬೆಳೆಸಿತು. ಸ್ವಾತಂತ್ರ್ಯ ದೊಡ್ಡದೇ. ಆದರೆ 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್ ಆಟದಲ್ಲಿ ಉಡುಗೊರೆ ಕೊಟ್ಟಂತೆಲ್ಲ ಒಲವಿನ ಅಂಕ ಏರುವುದನ್ನು ಕಂಡಾಗ, ಸ್ಥಾಯಿಭಾವವು ಅಂಗಡಿಯ ಲೆಕ್ಕಪುಸ್ತಕಕ್ಕೆ ಇಳಿದಂತೆ ನಮಗನ್ನಿಸಿತು. ಹತ್ತನೆಯ ಭಾಗದಲ್ಲಿ ಯಾರನ್ನು ಪ್ರೀತಿಸಬೇಕೆಂಬ ಆಯ್ಕೆ ನಮಗಿಲ್ಲ. ದುಷ್ಯಂತನ ಆಯ್ಕೆಯೂ ಪ್ರೇಕ್ಷಕರ ಕೈಯಲ್ಲಿರಲಿಲ್ಲ. ಅದರಿಂದ ರಸಕ್ಕೆ ಹಾನಿಯಾದುದು ಕಾಣದು. ಆದಕಾರಣ ಪ್ರೇಮಕಥೆ ನಡುವಿದ್ದ ಮಾತ್ರಕ್ಕೆ ಆಟ ಮಿಗಿಲಾಗುವುದಿಲ್ಲವೆಂದೂ, ಆಡುವವರು ಕೈಯಾರೆ ಮಾಡುವ ಕರ್ಮಕ್ಕೂ ಆ ಪ್ರೇಮಕ್ಕೂ ಬಿಡಿಸಲಾಗದ ಗಂಟು ಬಿದ್ದಾಗ ಮಾತ್ರ ಅದು ಮಿಗಿಲಾಗುತ್ತದೆಂದೂ ನಾವು ತಿಳಿಯುತ್ತೇವೆ.

ಮುಕ್ತಾಯದ ವಿಷಯದಲ್ಲಿ ನಮಗೊಂದು ಆಕ್ಷೇಪವಿದೆ. ಯೂನಾ ಬದುಕುತ್ತಾಳೆ, ಕನಸಿನಿಂದ ರೂಪಗೊಂಡ ಟೀಡಸ್ ಕರಗಿಹೋಗುತ್ತಾನೆ. ಅಪ್ಪಿಕೊಳ್ಳಲು ಓಡಿಬಂದವಳು ಅವನ ಮೈಯೊಳಗಿಂದ ಹಾದು ನೆಲಕ್ಕೆ ಬೀಳುತ್ತಾಳೆ. ಇಲ್ಲಿಗೆ ನಿಂತಿದ್ದರೆ ಅದು ಶುದ್ಧ ಕರುಣ. ಆದರೆ ಕೊನೆಯ ಹೆಸರುಗಳೆಲ್ಲ ಸರಿದ ಮೇಲೆ, ನೀರಿನೊಳಗೆ ಅವನು ಕಣ್ತೆರೆದು ಮೇಲಕ್ಕೆ ಈಜುವುದನ್ನು ತೋರಿಸುತ್ತಾರೆ. ವಿಶ್ವನಾಥನು ಕರುಣವಿಪ್ರಲಂಭವೆಂದು ಹೆಸರಿಸಿದ ಬಗೆ ಇದು: ಅಗಲಿದವರು ಮತ್ತೆ ದೊರೆಯುವರೆಂಬ ಆಸೆ ಉಳಿಯುವುದರಿಂದ ಶೃಂಗಾರವು ಸಾಯುವುದಿಲ್ಲ. ಇಷ್ಟನ್ನು ನಾವು ಒಪ್ಪಬಲ್ಲೆವು. 2003ರಲ್ಲಿ ಬಂದ ಉತ್ತರಕಥೆಯಲ್ಲಿ ಯೂನಾ ಅವನನ್ನು ಹುಡುಕಿ ಹೊರಡುತ್ತಾಳೆ. ಅಲ್ಲಿ ಅವನು ಮರಳುವುದೂ ಮರಳದಿರುವುದೂ ಆಡುವವರು ಗೊತ್ತಾದ ಕೆಲವು ಕೆಲಸಗಳನ್ನು ಬಿಡದೆ ಮಾಡಿದರೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ಆ ಕೆಲಸಗಳಲ್ಲಿ ಒಂದನ್ನು ಬಿಟ್ಟ ನಮಗೆ ಟೀಡಸ್ ದೊರೆಯಲಿಲ್ಲ. ಮೊದಲ ಕೃತಿಯ ಅಗಲಿಕೆಯಲ್ಲಿ ನಮ್ಮನ್ನು ತಟ್ಟಿದ ದುಃಖ ಈ ನಷ್ಟದಲ್ಲಿ ಒಂದಿಷ್ಟೂ ತಟ್ಟಲಿಲ್ಲ. ಎಲ್ಲಿ ತಪ್ಪಿದೆವೆಂದು ಹಿಂದಿನ ಪುಟಗಳನ್ನು ತಿರುವಿಹಾಕುವಂತೆ ಹುಡುಕಿದೆವು, ಅಷ್ಟೇ.