15 ನಿಮಿಷದ ಗಿರಮಿಟ್

ಫುಟ್‌ಬಾಲ್ ವಿಶ್ವಕಪ್ ನೋಡುವ ರಾತ್ರಿಗೆ ಹುಬ್ಬಳ್ಳಿ-ಧಾರವಾಡದ ಗಿರಮಿಟ್‌ನಷ್ಟು ಒಪ್ಪುವ ತಿನಿಸು ಇನ್ನೊಂದಿಲ್ಲ. ರುಚಿಯ ಮಾತು ಹಾಗಿರಲಿ, ಹೊತ್ತಿನ ಲೆಕ್ಕವೂ ಕೂಡಿ ಬರುತ್ತದೆ: ಪಂದ್ಯದ ನಡುವಿನ ವಿರಾಮ 15 ನಿಮಿಷ, ಗಿರಮಿಟ್ ಕಲಸಲು ಅಷ್ಟು ಧಾರಾಳ.

ಉಳ್ಳಾಗಡ್ಡಿ, ಹುಣಸೆ ರಸ, ಬೆಲ್ಲ ಹಾಕಿದ ಒಗ್ಗರಣೆಯ ಗೊಜ್ಜನ್ನು ಪಂದ್ಯಕ್ಕೆ ಮೊದಲೇ ಕುದಿಸಿ ಇಡಬಹುದು. ಚುರುಮುರಿಗೆ ಮಾತ್ರ ಆತುರ ಸಲ್ಲದು. ಮುಂಚೆ ಕಲಸಿದರೆ ಮೆತ್ತಗಾಗುತ್ತದೆ. ರೆಫರಿ ಸೀಟಿ ಊದಿದ ಮೇಲೆ ಗೊಜ್ಜು, ಪುಟಾಣಿ ಹಿಟ್ಟು, ಕೊತ್ತಂಬರಿ, ಸೇವು ಬೆರೆಸಿ, ಪಕ್ಕಕ್ಕೆ ಬಿಸಿ ಮಿರ್ಚಿ ಇಟ್ಟರೆ ದ್ವಿತೀಯಾರ್ಧಕ್ಕೆ ತಟ್ಟೆ ಸಿದ್ಧ.

2022ರ ಡಿಸೆಂಬರ್ 18ರ ಫೈನಲ್ ನಮ್ಮ ಗಡಿಯಾರದಲ್ಲಿ ರಾತ್ರಿ 8.30ಕ್ಕೆ ಶುರುವಾಗಿತ್ತು. ವಿರಾಮಕ್ಕೆ ಅರ್ಜೆಂಟೀನಾ 2–0 ಮುಂದೆ. ಆಮೇಲೆ 80, 81ನೇ ನಿಮಿಷಗಳಲ್ಲಿ ಫ್ರಾನ್ಸಿನ ಎಂಬಾಪೆ ಎರಡು ಗೋಲು ಹೊಡೆದ! ಹೆಚ್ಚುವರಿ ಆಟವೂ 3–3ಕ್ಕೆ ನಿಂತು, ಪೆನಾಲ್ಟಿಯಲ್ಲಿ ಮೆಸ್ಸಿ ಬಳಗ 4–2ರಿಂದ ಗೆದ್ದಿತು.

ಇಂಥ ಆಟದಲ್ಲಿ ಟಿವಿಯಿಂದ ಕಣ್ಣು ಕೀಳಲಾಗದು. ಗಿರಮಿಟ್‌ಗೆ ಕಣ್ಣು ಬೇಕಿಲ್ಲ, ಕೈ ತಾನಾಗಿ ಪರಾತಕ್ಕೆ ಹೋಗುತ್ತದೆ. ಸೋತ ತಂಡದ ಅಭಿಮಾನಿಗಳು ಮರುದಿನ ಧಾರವಾಡ ಪೇಢೆ ತರಬೇಕೆಂದು ಪಂಥ ಕಟ್ಟಿಕೊಂಡರಂತೂ, ಪೆನಾಲ್ಟಿಯ ಒಂದೊಂದು ಒದೆತಕ್ಕೂ ಮನೆಯಲ್ಲಿ ಎರಡು ಬಗೆಯ ಕೂಗು.