‘ಮಾಡಿಸ್ಯಾರೆ’: ಆದೋನಿ ಸೀಮೆಯ ಮಾಟದ ಮಾತು

ಉಪಭಾಷೆಗಳ ಪದಸಂಗ್ರಹಗಳಲ್ಲಿ ‘ನಂಬಿಕೆ, ಆಚರಣೆ’ ಎಂಬ ಶೀರ್ಷಿಕೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಕೆಳಗೆ ಮಾಟ, ಮದ್ದು, ಗಾಳಿ, ದಿಷ್ಟಿ, ಬಾನಾಮತಿ ಎಂದು ಐದಾರು ನಾಮಪದಗಳು. ಎದುರಿಗೆ ‘ಒಂದು ಬಗೆಯ ಕ್ಷುದ್ರವಿದ್ಯೆ’ ಎಂಬ ಅರ್ಥ. ಅಲ್ಲಿಗೆ ಕೆಲಸ ಮುಗಿಯಿತು. ಪುಣೆಯ ದೆಕ್ಕನ್ ಕಾಲೇಜು 1960ರ ದಶಕದಲ್ಲಿ ಹೊರತಂದ ಕನ್ನಡ ಉಪಭಾಷಾ ಗ್ರಂಥಗಳಿಂದ ಧ್ವನಿ, ವ್ಯಾಕರಣ, ಪದಕೋಶ ಎಂಬ ಚೌಕಟ್ಟು ನಮಗೆ ದೊರೆಯಿತು. ಅದರ ಉಪಕಾರ ದೊಡ್ಡದು. ಆದರೆ ಮಾಟದ ವಿಷಯಕ್ಕೆ ಬಂದಾಗ ಈ ಕ್ರಮ ಸಾಲದು ಎಂಬುದು ನನ್ನ ಆಕ್ಷೇಪ. ಮಾಟ ಎಂಬ ಪದದಿಂದ ಯಾರ ಮೈಮೇಲೂ ಪೆಟ್ಟು ಬಿದ್ದಿಲ್ಲ. ಪೆಟ್ಟು ಬೀಳುವುದು ಆ ಪದ ಸೇರಿದ ವಾಕ್ಯದಿಂದ.

ನಾನು ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು, ಭಾಷಾವಿಜ್ಞಾನಿಯಲ್ಲ. ಆದ್ದರಿಂದ ಕರ್ತೃ, ಕರ್ಮ, ಕ್ರಿಯೆ ಎಂಬ ಹಳೆಯ ಲೆಕ್ಕದಲ್ಲೇ ಈ ಮಾತನ್ನು ವಿವರಿಸುತ್ತೇನೆ.

ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವಾಗಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಕರ್ನೂಲು ಜಿಲ್ಲೆಗೆ ಸೇರಿದವು. ಗೆರೆ ಬಿದ್ದದ್ದು ನಕ್ಷೆಯ ಮೇಲೆ. ಮನೆಮಾತು ಮನೆಯಲ್ಲೇ ಉಳಿಯಿತು. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ. ಮನೆಯಲ್ಲಿ ಒಂದು ಕೂಸಿಗೆ ಜ್ವರ ಬಿಡಲಿಲ್ಲವೆನ್ನಿ. ಕಟ್ಟೆಯ ಮೇಲೆ ಕೂತವರು ಆಡುವ ಮಾತು ಮೂರು ಬಗೆಯದು.

ಒಂದು: “ಗಾಳಿ ಸೋಕೈತೆ.” ಇಲ್ಲಿ ಕರ್ತೃಪದ ಗಾಳಿ. ಗಾಳಿಯ ಮೇಲೆ ಯಾರೂ ಜಗಳಕ್ಕೆ ಹೋಗುವುದಿಲ್ಲ.

ಎರಡು: “ಯಾರ್ದೋ ಕಣ್ಣು ಬಿದ್ದೈತೆ.” ಇಲ್ಲಿ ಮನುಷ್ಯನ ಸುಳಿವು ಬಂತು, ಆದರೆ ಷಷ್ಠಿಯಲ್ಲಿ ಮಾತ್ರ. ಬಿದ್ದದ್ದು ಕಣ್ಣು, ಬೀಳಿಸಬೇಕೆಂಬ ಬುದ್ಧಿ ಇತ್ತೆಂದು ವಾಕ್ಯ ಹೇಳುವುದಿಲ್ಲ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಸಂಗತಿ ಅಲ್ಲಿಗೆ ಮುಗಿಯಿತು.

ಮೂರು: “ಮಾಡಿಸ್ಯಾರೆ.” ಒಂದೇ ಪದದ ವಾಕ್ಯ. ಏನನ್ನು ಎಂಬ ಕರ್ಮ ಇಲ್ಲ, ಯಾರು ಎಂಬ ಕರ್ತೃ ಇಲ್ಲ. ‘-ಆರೆ’ ಪ್ರತ್ಯಯ ಒಬ್ಬರಿಗೆ ಮರ್ಯಾದೆಯೋ ಹಲವರ ಎಣಿಕೆಯೋ ತಿಳಿಯದು. ಮೇಲಾಗಿ ಕ್ರಿಯೆ ಪ್ರೇರಣಾರ್ಥಕ. ಸಂಸ್ಕೃತ ವ್ಯಾಕರಣದಲ್ಲಿ ಇಂಥ ಕ್ರಿಯೆಗೆ ಇಬ್ಬರು ಕರ್ತೃಗಳು: ಮಾಡಿಸುವವನು ಪ್ರಯೋಜಕ, ಮಾಡುವವನು ಪ್ರಯೋಜ್ಯ. ಅಂದರೆ ಈ ಒಂದು ಪದ ಎರಡು ಖಾಲಿ ಪೀಠಗಳನ್ನು ಹಾಕಿ ಇಡುತ್ತದೆ. ಪ್ರಯೋಜಕನ ಪೀಠಕ್ಕೆ ಹೊಲದ ಬದುವಿನ ವ್ಯಾಜ್ಯದ ದಾಯಾದಿ, ಸೊಸೆಯ ತವರಿನವರು ಸುಲಭವಾಗಿ ಸಿಗುತ್ತಾರೆ. ಪ್ರಯೋಜ್ಯನ ಪೀಠಕ್ಕೆ ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿ, ವಿಧವೆ, ಊರ ಹೊರಗಿನವರು. ‘ಮಾಡಿಸ್ಯಾರೆ’ ಎಂದ ಮೇಲೆ ‘ಯಾರು?’ ಎಂಬ ಪ್ರಶ್ನೆ ಬಾರದೆ ಇರದು. ವ್ಯಾಕರಣವೇ ಅದನ್ನು ಕೇಳಿಸುತ್ತದೆ. ಮಾಟಗಾತಿಯ ಬೇಟೆ ಎಂದರೆ ಆ ಖಾಲಿ ಪೀಠಕ್ಕೆ ಒಂದು ಹೆಸರನ್ನು ತಂದು ಕೂಡಿಸುವುದು.

ಇದು ಕನ್ನಡದ ಗುಣವೊಂದೇ ಅಲ್ಲ. ನೋಡು ಧಾತುವಿಗೆ ನೋಟ, ಆಡು ಧಾತುವಿಗೆ ಆಟ ಇದ್ದಂತೆ ಮಾಡು ಧಾತುವಿಗೆ ಮಾಟ. ಮೂಲದಲ್ಲಿ ಅದು ಬರಿಯ ‘ಮಾಡುವಿಕೆ’. ‘ಮಾಟವಾದ ಮೂಗು’ ಎನ್ನುವಾಗ ಇಂದಿಗೂ ಅದು ಒಳ್ಳೆಯ ಮಾತೇ. ತೆಲುಗಿನ ಚೇತಬಡಿಯಲ್ಲಿರುವ ‘ಚೇತ’ವೂ ಮಾಡುವಿಕೆಯೇ. ತಮಿಳರ ಸೆಯ್ವಿನೈ, ಮರಾಠಿಯವರ ಕರಣಿ, ಉರ್ದುವಿನ ‘ಕುಛ್ ಕರಾ ದಿಯಾ’ ಎಲ್ಲವೂ ಇದೇ ಅಚ್ಚಿನವು. ವೇದಕಾಲದ ‘ಕೃತ್ಯಾ’ ಎಂಬ ಪದವೂ ‘ಕೃ’ ಧಾತುವಿನಿಂದ ಬಂದದ್ದು. ಯಾವ ಭಾಷೆಯೂ ಮಾಡಿದ್ದು ಏನೆಂದು ಹೇಳುವುದಿಲ್ಲ. ಯಾರೋ ಮಾಡಿದರು ಎಂಬುದನ್ನು ಮಾತ್ರ ಬಿಡುವುದಿಲ್ಲ. ‘ಇದು ತೆಲುಗರ ಸಹವಾಸದಿಂದ ಬಂತು’, ‘ಇದು ರಾಯಚೂರು ಕಡೆಯಿಂದ ಬಂತು’ ಎಂಬ ಮಾತು ನಮ್ಮ ಸಂಕಿರಣಗಳಲ್ಲಿ ಆಗಾಗ ಕೇಳಿಬರುತ್ತದೆ. ಪದ ಹೊಳೆ ದಾಟಿ ಬಂದೀತು. ವಾಕ್ಯದ ಅಚ್ಚು ಎಲ್ಲರ ಮನೆಯದು.

ಶಾಸ್ತ್ರ ಬಲ್ಲವರು ‘ಇದೆಲ್ಲ ಪಾಮರರ ಮಾತು’ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ಋಗ್ವೇದದ ಏಳನೆಯ ಮಂಡಲದ 104ನೆಯ ಸೂಕ್ತದಲ್ಲಿ ಋಷಿಯ ಮೇಲೆಯೇ ಯಾತುಧಾನ, ಅಂದರೆ ಮಾಟಗಾರ, ಎಂಬ ಆಪಾದನೆ ಬಂದಿದೆ. ಪರಂಪರೆ ಅವನನ್ನು ವಸಿಷ್ಠನೆಂದು ಹೇಳುತ್ತದೆ. ಅವನು ಪ್ರಾಣದ ಮೇಲೆ ಆಣೆಯಿಟ್ಟು ಅಲ್ಲಗಳೆಯುತ್ತಾನೆ. ಸುಳ್ಳು ಹೊರಿಸಿದವನು ತನ್ನ ಹತ್ತು ಗಂಡು ಮಕ್ಕಳನ್ನು ಕಳೆದುಕೊಳ್ಳಲಿ ಎಂದು ಶಪಿಸುತ್ತಾನೆ. ವಸಿಷ್ಠನಂಥವನಿಗೇ ಆಣೆಯಿಡುವ ಪ್ರಸಂಗ ಬಂದರೆ ಊರಹೊರಗಿನ ಮುದುಕಿಯ ಪಾಡೇನು! ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಅಭಿಚಾರ, ಮೂಲಕರ್ಮ, ಕೃತ್ಯೆಗಳಿಗೆ 200 ಪಣ ದಂಡ ವಿಧಿಸುತ್ತದೆ. ಮೂಲಕರ್ಮವೆಂದರೆ ಬೇರುಗಳಿಂದ ಮಾಡುವುದು. ನಮ್ಮವರ ‘ಮದ್ದು ಇಟ್ಟಾರೆ’ ಎಂಬುದರ ಹಿರಿಯಣ್ಣ. ಸ್ಮೃತಿಕಾರರು ಮಾಟವನ್ನು ನಿಜವೆಂದೇ ನಂಬಿದ್ದರು. ಆದರೂ ಅದನ್ನು ರಾಜದಂಡದ ಕೈಗೆ ಒಪ್ಪಿಸಿದರೇ ಹೊರತು ಓಣಿಯ ಗುಂಪಿನ ಕೈಗೆ ಅಲ್ಲ.

ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಬಾನಾಮತಿ ಮಾಡಿದರೆಂದು ಆಪಾದನೆಗೆ ಗುರಿಯಾದವರ ಹಲ್ಲು ಕಿತ್ತ ಘಟನೆಗಳು ತೆಲಂಗಾಣದ ಹಳ್ಳಿಗಳಿಂದ ಹಲವು ಸಲ ವರದಿಯಾಗಿವೆ. ಕಾರಣ ಏನೆಂದರೆ, ಹಲ್ಲಿಲ್ಲದ ಬಾಯಿಂದ ಮಂತ್ರ ಸರಿಯಾಗಿ ಹೊರಡದು, ಹೊರಡದಿದ್ದರೆ ಫಲಿಸದು ಎಂಬ ನಂಬಿಕೆ. ತವರ್ಗ, ಲಕಾರ, ಸಕಾರಗಳು ದಂತ್ಯ ಎಂದು ನಾವು ಮಕ್ಕಳಿಗೆ ಶಿಕ್ಷಾಶಾಸ್ತ್ರ ಕಲಿಸುತ್ತೇವೆ. ಆ ಗುಂಪು ಅದೇ ಪಾಠವನ್ನು ಕಲ್ಲು, ಕಟಿಂಗುಪ್ಲೇಯರಿನಿಂದ ಒಪ್ಪಿಸುತ್ತದೆ. ತ್ವಷ್ಟೃವಿನ ‘ಇಂದ್ರಶತ್ರು’ ಕಥೆ ಎಲ್ಲ ವೈಯಾಕರಣರಿಗೂ ಗೊತ್ತು. ಸ್ವರ ತಪ್ಪಿದ್ದರಿಂದ ಸಮಾಸದ ಅರ್ಥ ತಿರುಗಿತು, ಇಂದ್ರನನ್ನು ಕೊಲ್ಲಬೇಕಾದ ವೃತ್ರನೇ ಇಂದ್ರನಿಂದ ಸತ್ತನು. ಉಚ್ಚಾರಶುದ್ಧಿಗೆ ಆ ಕಥೆ ಒಳ್ಳೆಯ ದೃಷ್ಟಾಂತ. ಆದರೆ ಶಬ್ದ ಬಾಯಿಂದ ಹೊರಟರೆ ಸಾಕು, ದೂರದಲ್ಲಿದ್ದವನು ಸಾಯುತ್ತಾನೆ ಎಂಬ ನಂಬಿಕೆಗೆ ವಿದ್ವತ್ತಿನ ಮುದ್ರೆ ಒತ್ತಿದವರಲ್ಲಿ ನಾವೂ ಇದ್ದೇವೆ ಎಂಬುದನ್ನು ಮರೆಯಬಾರದು.

ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡ, ಮೂಢನಂಬಿಕೆಗಳ ವೈಜ್ಞಾನಿಕ ಪರಿಶೀಲನೆಗೆ ಸಮಿತಿ ರಚಿಸಿದರು. ‘ಇದು ನಿಜವೇ?’ ಎಂದು ಕೇಳುವುದು ಅವರ ಕೆಲಸ. ‘ಇದನ್ನು ಹೇಗೆ ಹೇಳುತ್ತಾರೆ, ಹೇಳಿದ ಮೇಲೆ ಏನಾಗುತ್ತದೆ?’ ಎಂದು ಕೇಳುವುದು ಉಪಭಾಷೆಯವರ ಕೆಲಸ. ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಸೇಲಂನಲ್ಲಿ (ತಮಿಳುನಾಡಿನ ಸೇಲಂ ಅಲ್ಲ) 1692ರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಅಲ್ಲಿಯೂ ನರಳುತ್ತಿದ್ದ ಹುಡುಗಿಯರನ್ನು ದೊಡ್ಡವರು ಕೇಳಿದ್ದು ‘ನಿಮ್ಮನ್ನು ಕಾಡುತ್ತಿರುವವರು ಯಾರು?’ ಎಂದೇ. ಹೆಸರುಗಳು ಆಮೇಲೆ ಬಂದವು.

ಬಿಹಾರದ 1999ರ ಕಾಯಿದೆ ಈ ಮರ್ಮ ತಿಳಿದಿದೆ. ಒಬ್ಬಳನ್ನು ‘ಡಾಯನ್’ ಎಂದು ಗುರುತಿಸುವುದೇ ಅದರಲ್ಲಿ ಅಪರಾಧ. ಕರ್ನಾಟಕದ ವಾಮಾಚಾರ ಪ್ರತಿಬಂಧ ಅಧಿನಿಯಮ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು.

ಕ್ಷೇತ್ರಕಾರ್ಯಕ್ಕೆ ಹೋಗುವ ನಮ್ಮವರಿಗೆ ಎರಡು ಮಾತು. ಒಂದು, ಮಾಟ ಎಂಬ ಪದ ಬರೆದುಕೊಂಡು ಬರಬೇಡಿ. ಇಡೀ ವಾಕ್ಯ ಬರೆಯಿರಿ, ಯಾವ ಸಂದರ್ಭದಲ್ಲಿ ಆಡಿದರೆಂದು ಬರೆಯಿರಿ. “ಜಡ್ಡು ಬಂದೈತೆ, ದವಾಖಾನಿಗೆ ಕರ್ಕಂಡು ಹೋಗ್ರಿ” ಎಂದು ಅದೇ ಕಟ್ಟೆಯ ಮೇಲೆ ಇನ್ನೊಬ್ಬಳು ಹೇಳಿದ್ದರೆ ಅದನ್ನೂ ಪಕ್ಕದಲ್ಲೇ ಬರೆಯಿರಿ. ಅದೂ ಆದೋನಿ ಕನ್ನಡವೇ. ಎರಡು, ನಿರೂಪಕರು ‘ಮಾಡಿಸ್ಯಾರೆ’ ಎಂದಾಗ ‘ಯಾರು ಮಾಡಿಸಿದ್ರಮ್ಮ?’ ಎಂದು ಕೇಳಬೇಡಿ. ಆ ಪ್ರಶ್ನೆ ಮಾಹಿತಿಗಾಗಿ ಕೇಳಿದ್ದೆಂದು ನಮಗೆ ಅನಿಸಬಹುದು. ಓಣಿಯಲ್ಲಿ ಅದು ಪೀಠ ಹಾಕಿದಂತೆ. ಅವರಾಗಿಯೇ ಹೆಸರು ಹೇಳಿದರೂ ಟಿಪ್ಪಣಿಯಲ್ಲಿ ಬರೆಯಬೇಡಿ, ಅಚ್ಚಿನಲ್ಲಂತೂ ಬೇಡವೇ ಬೇಡ. ಕರ್ತೃಪದ ಲೋಪವಾಗಿದ್ದರೆ ಅಧ್ಯಾಹಾರ ಮಾಡಿಕೊಳ್ಳುವುದು ಪಂಡಿತರ ರೂಢಿ. ಈ ಒಂದು ವಾಕ್ಯದಲ್ಲಿ ಅದು ಲೋಪವಾಗಿಯೇ ಉಳಿಯಲಿ ಎಂದು ವಿದ್ವಾಂಸರಲ್ಲಿ ನನ್ನ ಕೋರಿಕೆ.